ಬಸ್ಸಿನ ಮೇಲೆ ಅಕ್ಕಿಯ ಸದ್ದು

ನಮ್ಮಪ್ಪನ ಪಕ್ಕ ಕೂತು ಹಳೆಯ ಸಿನಿಮಾ ನೋಡುವವರು ಕತೆಯ ಕಡೆ ಗಮನ ಕೊಡುವುದು ಕಷ್ಟ. ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮರೆಯಾದರೆ "ರೀಲು ಮುಗೀತು" ಅನ್ನುತ್ತಾನೆ. ನಾಯಕ ನಾಯಕಿ ತೋಟದಲ್ಲಿ ಹಾಡುತ್ತಿದ್ದರೆ, ಅವರ ಹಿಂದೆ ಬಾವಿಯಿಂದ ನೀರು ಸೇದುವ ಹೆಂಗಸನ್ನು ತೋರಿಸಿ "ಅವಳ ಕೈ ನೋಡು, ನಿಜವಾಗ್ಲೂ ಸೇದಿರೋ ಕೈ ಅದು" ಅನ್ನುತ್ತಾನೆ. ಹೆಸರು ರಾಮಾಂಜಿನಪ್ಪ. ಹದಿನೇಳು ವರ್ಷ ದೊಡ್ಡಬಳ್ಳಾಪುರದ ಸುತ್ತಮುತ್ತ ಟೆಂಟ್ ಸಿನಿಮಾದ ಆಪರೇಟರ್ ಆಗಿದ್ದವನು. ಒಂದೇ ಚಿತ್ರವನ್ನು ದಿನಕ್ಕೆರಡು ಸಲ, ವಾರಗಟ್ಟಲೆ ನೋಡಿದವನಿಗೆ ತಾರೆಯರ ಮುಖಕ್ಕಿಂತ ಅವರ ಸುತ್ತ ಇರುವುದು ಹೆಚ್ಚು ಕಾಣಿಸತೊಡಗುತ್ತದೆ ಎಂದು ನನ್ನ ಊಹೆ.

'ಒಂದೊಲೆ ಮನೆ' ಟಿ.ವಿ.ಯಲ್ಲಿ ಬಂದರೆ ಮಾತ್ರ ಅಪ್ಪ ಎದ್ದು ಹೋಗುತ್ತಾನೆ. ನಾನಿದನ್ನು ಗಮನಿಸಿದ್ದು ತಡವಾಗಿ. ಒಂದು ಸಲ ನಿಂಬೆಗಿಡಕ್ಕೆ ಹುಳ ಬಿದ್ದಿದೆಯೇನೋ ನೋಡಿ ಬರುತ್ತೇನೆಂದು ಹೋದ. ಮತ್ತೊಂದು ಸಲ ಡಬ್ಬಿ ತುಂಬ ಎಲೆಅಡಿಕೆ ಇದ್ದರೂ ಎಲೆಅಡಿಕೆ ತರಲು ಹೋದ. ಮೂರನೆಯ ಸಲ ಬೆಳಿಗ್ಗೆ ಸ್ನಾನವಾಗಿದ್ದರೂ ಮಧ್ಯಾಹ್ನ ಇನ್ನೊಮ್ಮೆ ಸ್ನಾನಕ್ಕೆ ಹೋದ. ಆಗ ನನಗೆ ಇದು ಆಕಸ್ಮಿಕವಲ್ಲ ಅನ್ನಿಸಿತು.

ಹನ್ನೊಂದು ಜನರ ಕೂಡುಕುಟುಂಬವೊಂದು ಪಾಲಾಗುವ ಕತೆ ಅದು. ಹಿರಿಯತ್ತಿಗೆಯ ಪಾತ್ರ ಮಾಡಿದ್ದವರು ಕುಮುದವಲ್ಲಿ. ಅವರು ಪೋಸ್ಟರಿನಲ್ಲಿ ದೊಡ್ಡದಾಗಿ ಬಂದವರಲ್ಲ. ಅಕ್ಕ, ಅತ್ತಿಗೆ, ಪಕ್ಕದ ಮನೆಯಾಕೆ, ಇಂಥವೇ ಪಾತ್ರಗಳು. ಕೊನೆಗೆ ತೊಂಬತ್ತರ ಹೊತ್ತಿಗೆ ದೂರದರ್ಶನದ ಹದಿಮೂರು ವಾರದ ಧಾರಾವಾಹಿಯಲ್ಲಿ ಅಜ್ಜಿಯಾದರು. ಆ ಹದಿಮೂರು ವಾರವೂ ಅದು ಬರುವ ಸಂಜೆ ನಮ್ಮ ಮನೆಯಲ್ಲಿ ಮುದ್ದೆ ತಡವಾಗುತ್ತಿತ್ತು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂರುವ ರೀತಿಯನ್ನು ನಮ್ಮಮ್ಮ ಪಾಪಮ್ಮ ಆಗ ಕಲಿತಿದ್ದು, ಇಂದಿಗೂ ಬಿಟ್ಟಿಲ್ಲ. ಅಪ್ಪನೂ ಆ ಧಾರಾವಾಹಿಯನ್ನು ಒಂದು ವಾರ ತಪ್ಪಿಸಿದ್ದಿಲ್ಲ. ನಟಿಯ ಮೇಲೆ ಅವನಿಗೆ ಬೇಸರವಿರಲಿಲ್ಲ, ಸಮಸ್ಯೆ ಆ ಒಂದು ಚಿತ್ರದ್ದು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅಲ್ಲಿ ಕನ್ನಡ ಪಾಠ ಮಾಡುವ ಅಂಬರೀಶ್ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮಕ್ಕಳಿಗೆ ಹಳೆಯ ಚಿತ್ರ ತೋರಿಸುತ್ತಾರೆ. ಮೊದಮೊದಲು ಮಕ್ಕಳು ಬರುತ್ತಿದ್ದದ್ದು ಕೊನೆಯಲ್ಲಿ ಕೊಡುವ ಚುರುಮುರಿಗೆ. ಈಗ ಚುರುಮುರಿ ಇಲ್ಲದಿದ್ದರೂ ಮೂವತ್ತು ನಲವತ್ತು ಜನ ಬರುತ್ತಾರೆ. ಡಿಸೆಂಬರಿನಲ್ಲಿ ಒಂದು ದಿನ ಅವರು ನನ್ನನ್ನು ಹುಡುಕಿಕೊಂಡು ಲ್ಯಾಬಿಗೆ ಬಂದರು.

"ಮೇಡಂ, ಈ ಸಲ 'ಒಂದೊಲೆ ಮನೆ' ಹಾಕ್ತಾ ಇದೀವಿ. ನಿಮ್ಮ ತಂದೆಯೋರು ಅದನ್ನ ನಮ್ಮೂರ ಟೆಂಟಲ್ಲೇ ಓಡಿಸಿದ್ರಂತೆ. ನಮ್ಮ ಮಾವ ಹೇಳಿದ್ರು. ಒಂದು ಹತ್ತು ನಿಮಿಷ ಬಂದು ಮಾತಾಡ್ಲಿ."

ಕೇಳಿ ನೋಡುತ್ತೇನೆ ಅಂದೆ.

ಅಪ್ಪ ಅಮ್ಮ ಇರುವುದು ನಮ್ಮ ಮನೆಯಿಂದ ಎರಡು ಬೀದಿ ಆಚೆ. ನಾನು ಹೋದಾಗ ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸೊಗಡು ಬೀದಿಗೆಲ್ಲ ಹರಡಿತ್ತು. ನಾನೂ ಕೂತು ಒಂದು ಹಿಡಿ ಕಾಯಿ ಎತ್ತಿಕೊಂಡೆ. ವಿಷಯ ಹೇಳಿದೆ.

"ಆಗಲ್ಲ ಅಂತ ಹೇಳು," ಅಂದ ಅಪ್ಪ.

"ಯಾಕಪ್ಪ?"

"ಮಂಡಿ ನೋವು."

"ಬೆಳಿಗ್ಗೆ ಸಂತೆಗೆ ನಡ್ಕೊಂಡೇ ಹೋಗ್ಬಂದ್ರಲ್ಲ, ಆಗೆಲ್ಲಿತ್ತು ಮಂಡಿ?" ಅಂದಳು ಅಮ್ಮ. "ಹೇಳ್ಬಿಡಿ ಮಗೀಗೆ. ಎಷ್ಟು ದಿನ ಅಂತ ಹೊಟ್ಟೇಲಿ ಇಟ್ಕೊಂಡಿರ್ತೀರಾ?"

ಅಪ್ಪ ಐದಾರು ಕಾಯಿ ಸುಲಿದ. ಆಮೇಲೆ ಹೇಳತೊಡಗಿದ.

ಅದು ಎಪ್ಪತ್ತೊಂಬತ್ತನೆಯ ಇಸವಿ. ಟೆಂಟು ಊರಾಚೆ ಇತ್ತು. ಮಾಲೀಕರು ಮುನಿರಾಮಯ್ಯ ಎಂಬವರು, ಈಗಿಲ್ಲ. ಟೆಂಟಿಗೆ ಹೊಸ ಚಿತ್ರ ಬರುತ್ತಿರಲಿಲ್ಲ. ದೊಡ್ಡ ಊರುಗಳಲ್ಲಿ ಓಡಿ ಸವೆದ ಪ್ರಿಂಟುಗಳು ಹತ್ತು ವರ್ಷದ ಮೇಲೆ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದವು. 'ಒಂದೊಲೆ ಮನೆ'ಯೂ ಹಾಗೇ ಬಂತು. ತಂದವನು "ಹುಷಾರಾಗಿ ಓಡ್ಸಿ, ಇದು ಬಿಟ್ರೆ ಬೇರೆ ಪ್ರಿಂಟಿಲ್ಲ" ಅಂದಿದ್ದ. ಚಿತ್ರ ಉದ್ದ. ಕತ್ತಲಾದ ಮೇಲೆ ಮೊದಲ ಆಟ ಶುರುವಾದರೆ ಮುಗಿಯುವಷ್ಟರಲ್ಲಿ ಹತ್ತು ದಾಟಿ ಎರಡು ನಿಮಿಷವಾಗುತ್ತಿತ್ತು. ಆದರೆ ಊರಿನ ಅರ್ಧಕ್ಕರ್ಧ ಜನ ಮಗ್ಗದವರು. ಅವರ ರಾತ್ರಿ ಪಾಳಿ ಹತ್ತಕ್ಕೇ ಶುರು. ಚಿತ್ರದ ಕೊನೆ ನೋಡದೆ ಎದ್ದು ಓಡುತ್ತಿದ್ದರು. ಮರುದಿನ ಬಂದು ಆಪರೇಟರನ್ನು "ಕೊನೇಲಿ ಏನಾಯ್ತು ಗುರು?" ಎಂದು ಕೇಳುತ್ತಿದ್ದರು. ಒಂದು ವಾರ ನೋಡಿ ಮುನಿರಾಮಯ್ಯನವರು, ಮಾತಿಲ್ಲದ ಒಂದು ಸೀನನ್ನು ಎತ್ತಿಬಿಡು ಅಂದರು. ಹಾಗೆ ಎತ್ತುವುದು ಟೆಂಟುಗಳಲ್ಲಿ ನಡೆಯುತ್ತಿದ್ದದ್ದೇ. ಕತ್ತರಿಸಿದ ತುಂಡನ್ನು ಮೊಳೆಗೆ ನೇತುಹಾಕಿಕೊಂಡು, ಡಬ್ಬಿ ವಾಪಸ್ಸು ಹೋಗುವ ಮುಂಚೆ ಮತ್ತೆ ಅಂಟಿಸಿ ಕಳಿಸುವುದು ಆಪರೇಟರುಗಳ ಪದ್ಧತಿ.

"ಮಾತಿಲ್ಲದ್ದು ಅಂದ್ರೆ ಒಂದೇ ಸೀನು ಇದ್ದದ್ದು," ಅಂದ ಅಪ್ಪ. "ಕುಮುದವಲ್ಲಮ್ಮನ ಸೀನು. ಮೂರೂವರೆ ನಿಮಿಷ."

"ಆಮೇಲೆ ಅಂಟಿಸ್ಲಿಲ್ವಾ?"

"ಭಾನುವಾರ ಅಂಟಿಸಬೇಕಾಗಿತ್ತು. ಡಬ್ಬಿ ತಗೊಂಡು ಹೋಗೋನು ಶುಕ್ರವಾರಾನೇ ಬಂದ್ಬಿಟ್ಟ. ನಾನಿರ್ಲಿಲ್ಲ, ಆವತೀಲಿದ್ದೆ, ನಿಮ್ಮಮ್ಮನ ತವರಲ್ಲಿ. ನಿನ್ನ ನಾಮಕರಣ."

ವಾಪಸ್ಸು ಬಂದು ನೋಡಿದಾಗ ಡಬ್ಬಿಗಳಿರಲಿಲ್ಲ, ತುಂಡು ಮೊಳೆಯಲ್ಲಿ ನೇತಾಡುತ್ತಿತ್ತು. ಮರುದಿನವೇ ಅದನ್ನು ಊಟದ ಡಬ್ಬಿಯಲ್ಲಿ ಸುತ್ತಿಟ್ಟುಕೊಂಡು ಬೆಂಗಳೂರಿನ ಗಾಂಧಿನಗರದ ವಿತರಕರ ಆಫೀಸಿಗೆ ಹೋದ. ಪ್ರಿಂಟು ಆಗಲೇ ಎಲ್ಲಿಗೋ ಹೋಗಿತ್ತು. ಕತ್ತರಿಸಿದ್ದು ಗೊತ್ತಾದರೆ ಲೈಸೆನ್ಸು ಹೋಗುತ್ತದೆಂಬ ಹೆದರಿಕೆಗೆ ವಿಷಯ ಹೇಳದೆ ಹಿಂದಿರುಗಿದ. ತುಂಡನ್ನು ಟ್ರಂಕಿನಲ್ಲಿಟ್ಟ.

"ಈಗೆಲ್ಲಿದೆ?"

"ನಾನೇ ಬಿಸಾಕ್ದೆ," ಅಂದಳು ಅಮ್ಮ. "ಒಂದು ಯುಗಾದೀಲಿ ಟ್ರಂಕು ತೆಗೆದ್ರೆ ಹುಳಿಹುಳಿ ವಾಸನೆ. ಹಲ್ಲಿ ಸತ್ತೈತೆ ಅಂದ್ಕೊಂಡೆ."

ಹಳೆಯ ಫಿಲಂ ಕೆಡುವಾಗ ಬರುವುದು ವಿನೆಗರಿನ ವಾಸನೆಯೇ. ಅಮ್ಮ ಬಿಸಾಕದಿದ್ದರೂ ಅದು ಉಳಿಯುತ್ತಿರಲಿಲ್ಲ. ಹೇಳಿದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಇದಾಗಿ ಹದಿನಾಲ್ಕು ವರ್ಷದ ಮೇಲೆ ಕುಮುದವಲ್ಲಿ ಒಂದು ಸಂಜೆ ಟಿ.ವಿ. ಸಂದರ್ಶನಕ್ಕೆ ಬಂದಿದ್ದರಂತೆ. ಇಷ್ಟವಾದ ಪಾತ್ರ ಯಾವುದು ಅಂದಿದ್ದಕ್ಕೆ ಇದೇ ಅತ್ತಿಗೆಯ ಹೆಸರು ಹೇಳಿದರು. "ಅದರಲ್ಲಿ ಅಕ್ಕಿ ಅಳೆಯುವ ಒಂದು ದೃಶ್ಯ ಇತ್ತು. ನಾನು ಜೀವನದಲ್ಲಿ ಚೆನ್ನಾಗಿ ಮಾಡಿದ್ದು ಅದೊಂದೇ. ಈಗ ಟಿ.ವಿ.ಯಲ್ಲಿ ಹಾಕಿದರೆ ಅದೇ ಇರುವುದಿಲ್ಲ. ಎಲ್ಲಿ ಹೋಯಿತೋ" ಅಂದರಂತೆ. ಅದಾಗಿ ಎರಡು ವರ್ಷಕ್ಕೆ ತೀರಿಕೊಂಡರು.

"ಎಲ್ಲಿ ಹೋಯ್ತು ಅಂತ ನನಗೊಬ್ಬನಿಗೇ ಗೊತ್ತಿತ್ತು," ಅಂದ ಅಪ್ಪ. "ಈಗ ಆ ಮಕ್ಕಳ ಮುಂದೆ ನಿಂತ್ಕೊಂಡು ಏನಂತ ಮಾತಾಡ್ಲಿ?"

ನಾನು ಅಂಬರೀಶರಿಂದ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ತಂದೆ. ಅದೂ ಟಿ.ವಿ.ಯಲ್ಲಿ ಬಂದದ್ದರ ಪ್ರತಿಯೇ. ಅಪ್ಪ ಹೇಳಿದಂತೆ ಅಕ್ಕಿಯ ದೃಶ್ಯ ಇರಬೇಕಾದ ಜಾಗವನ್ನು ಲ್ಯಾಪ್‌ಟಾಪಿನಲ್ಲಿ, ಸದ್ದು ಹಾಕದೆ, ಒಂದೊಂದೇ ಫ್ರೇಮು ಸರಿಸಿ ನೋಡಿದೆ. ಪಾಲಾದ ಮನೆಯ ಅಂಗಳ, ತಕ್ಷಣ ನಿಲ್ದಾಣಕ್ಕೆ ಬರುವ ಬಸ್ಸು. ನಡುವೆ ಅಂಟಿಸಿದ ಗೆರೆಯಾಗಲಿ ಬಿಳಿ ಮಿಂಚಾಗಲಿ ಇರಲಿಲ್ಲ. ಇದು ಅವನು ಕತ್ತರಿಸಿದ ಪ್ರಿಂಟಿನದಲ್ಲವೆಂದು ಹುಮ್ಮಸ್ಸಿನಿಂದ ಅಪ್ಪನಿಗೆ ಫೋನು ಮಾಡಿ ಹೇಳಿದೆ.

"ನಾನು ಅಂಟಿಸಿದ್ರೆ ಗೆರೆ ಕಾಣ್ತಿರ್ಲಿಲ್ಲ ಕಣಮ್ಮ," ಅಂದ. ಆ ದುಃಖದಲ್ಲೂ ದನಿಯಲ್ಲಿ ಸ್ವಲ್ಪ ಜಂಬವಿತ್ತು. "ಫ್ರೇಮಿನ ಸಂದೀಲಿ ಕೆರೆದು ಅಂಟಿಸ್ತಿದ್ದೆ. ಕಣ್ಣಿಗೆ ಸಿಕ್ತಿರ್ಲಿಲ್ಲ. ಕಿವಿಗೆ ಸಿಕ್ಕೋದು, ಅಷ್ಟೇ."

"ಕಿವಿಗೆ ಅಂದ್ರೆ?"

"ಎರಡನೇ ವಾರ ದಿನಾ ಕೇಳ್ತಿದ್ದೆನಲ್ಲ. ಬಸ್ಸು ಬರೋದು, ಅದರ ಮೇಲೆ ಅಕ್ಕಿ ಸುರಿಯೋ ಸದ್ದು. ಒಂದು ಕ್ಷಣ. ಆಮೇಲೆ ಬಸ್ಸಿನ ಸದ್ದು."

ಫೋನು ಇಟ್ಟ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಕಾಗದ ತೆಗೆದುಕೊಂಡು ಪ್ರೊಜೆಕ್ಟರಿನ ಚಿತ್ರ ಬರೆದೆ. ಫಿಲಮ್ಮಿನ ಅಂಚಿನಲ್ಲೇ ಸದ್ದೂ ಅಚ್ಚಾಗಿರುತ್ತದೆ. ಆದರೆ ಚಿತ್ರ ಕಾಣಿಸುವ ಕಿಂಡಿ ಮೇಲೆ, ಸದ್ದು ಓದುವ ದೀಪ ಅದರ ಕೆಳಗೆ, ಇಪ್ಪತ್ತು ಫ್ರೇಮು ದೂರದಲ್ಲಿ. ಅದಕ್ಕೇ ಪ್ರತಿ ಫ್ರೇಮಿನ ಸದ್ದನ್ನು ಇಪ್ಪತ್ತು ಫ್ರೇಮು ಮುಂಚೆ ಅಚ್ಚು ಹಾಕಿರುತ್ತಾರೆ. ಆಪರೇಟರ್ ಪ್ರಿಂಟನ್ನು ಕತ್ತರಿಸಿ ಜೋಡಿಸಿದರೆ ಚಿತ್ರ ತಕ್ಷಣ ಬದಲಾಗುತ್ತದೆ, ಸದ್ದು ಬದಲಾಗುವುದು ಜೋಡಣೆ ದೀಪದ ತನಕ ಇಳಿದ ಮೇಲೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಅಂದರೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಾಲ, ಕತ್ತರಿಸಿ ತೆಗೆದ ದೃಶ್ಯದ ಆರಂಭದ ಸದ್ದು ಮುಂದಿನ ದೃಶ್ಯದ ಮೇಲೆ ಉಳಿದುಕೊಂಡಿರುತ್ತದೆ.

ಆದರೆ ಚಿತ್ರ ತಯಾರಿಸಿದವರೇ ಆಗಲಿ, ಟಿ.ವಿ.ಯವರೇ ಆಗಲಿ ಕತ್ತರಿಸಿದ್ದರೆ ಚಿತ್ರವನ್ನೂ ಸದ್ದನ್ನೂ ಒಟ್ಟಿಗೇ ಕತ್ತರಿಸಿರುತ್ತಾರೆ. ಬಸ್ಸಿನ ಜೊತೆಗೇ ಬಸ್ಸಿನ ಸದ್ದು ಬರುತ್ತದೆ.

ಅಂದರೆ ಟಿ.ವಿ.ಯ ಪ್ರತಿ ಅಪ್ಪನ ಪ್ರಿಂಟಿನಿಂದ ಬಂದದ್ದೋ ಅಲ್ಲವೋ ಎಂಬುದು ಆ ಮುಕ್ಕಾಲು ಸೆಕೆಂಡಿನಲ್ಲಿತ್ತು.

ಲ್ಯಾಪ್‌ಟಾಪ್ ಎದುರಿಗೇ ಇತ್ತು. ಸದ್ದು ಹಾಕಿ ಕೇಳಬಹುದಾಗಿತ್ತು. ಕೇಳಲಿಲ್ಲ. ಅಕ್ಕಿ ಸುರಿಯುವ ಸದ್ದನ್ನು ನಾನೆಂದೂ ಆ ಚಿತ್ರದಲ್ಲಿ ಕೇಳಿದವಳಲ್ಲ. ಹಳೆಯ ಪ್ರತಿಯ ಗರಗರದಲ್ಲಿ ಅದನ್ನು ಗುರುತಿಸಬಲ್ಲ ಕಿವಿ ಒಂದೇ ಇತ್ತು. ಆ ಕಿವಿಗೆ ಮೊದಲೇ ಉತ್ತರ ಹೇಳಿ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸದ್ದು ಅಲ್ಲೇ ಇದ್ದುಬಿಟ್ಟರೆ ಏನು ಮಾಡುವುದೆಂದು ನನಗೆ ತಿಳಿದಿರಲಿಲ್ಲ.

ಅಮ್ಮನನ್ನು ಕೇಳಿದೆ. "ಇದ್ರೆ ಇರ್ಲಿ," ಅಂದಳು. "ನಲವತ್ತೈದು ವರ್ಷದಿಂದ ಐತೆ ಅಂದ್ಕೊಂಡೇ ಉಂಡವ್ರೆ, ಮಲಗವ್ರೆ. ಹೊಸದಾಗಿ ಏನು ಕಳ್ಕೊಳ್ಳೋದು? ಇಲ್ಲ ಅಂದ್ರೆ ಲಾಭ."

ಅಪ್ಪ ಒಪ್ಪಲು ಮೂರು ದಿನ ಹಿಡಿಯಿತು. ಭಾನುವಾರ ಹತ್ತು ಗಂಟೆಗೆ ಕೂತೆವು. ಕಿಟಕಿಯ ಪರದೆ ಎಳೆದೆ. ಅಪ್ಪ ಸೋಫಾ ಬಿಟ್ಟು ಟಿ.ವಿ. ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ. ಅಮ್ಮ ಕುಕ್ಕರು ಆರಿಸಿ ಬಂದು ಕೂತಳು, ಸೀಟಿ ಹೊಡೆದರೆ ಕೇಳಿಸುವುದಿಲ್ಲವೆಂದು.

ಮೊದಲ ಅರ್ಧ ಗಂಟೆ ಅವನು ಮಾತಾಡಲಿಲ್ಲ. ಆಮೇಲೆ, ಜಗಳದ ಒಂದು ದೃಶ್ಯದಲ್ಲಿ ಚಿತ್ರ ತಟ್ಟನೆ ಕುಪ್ಪಳಿಸಿತು. ಯಜಮಾನನ ಕೈ ಕೆಳಗಿದ್ದದ್ದು ಮೇಲಿತ್ತು.

"ನಿಲ್ಸು," ಅಂದ ಅಪ್ಪ. "ಹಿಂದಕ್ಕೆ ಹಾಕು. ಇದು ಎಲ್ಲೋ ಓಡ್ತಾ ಓಡ್ತಾ ಕಿತ್ತೋಗಿ ಅಂಟಿಸಿರೋದು. ಈಗ ಮಾತು ಕೇಳು."

ಕೇಳಿದೆ. ಚಿತ್ರ ಕುಪ್ಪಳಿಸಿದಾಗ ಮಾತು ಸರಿಯಾಗಿಯೇ ಇತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮೇಲೆ 'ಟಪ್' ಎಂದು ಒಂದು ಅಕ್ಷರ ನುಂಗಿಹೋಯಿತು.

"ಕಣ್ಣು ಮೊದ್ಲು, ಕಿವಿ ಆಮೇಲೆ," ಅಂದ.

ನನಗೆ ಬೇಕಾಗಿದ್ದದ್ದು ಅದೇ. ಈ ಪ್ರತಿಯನ್ನು ತಯಾರಿಸಿದವರು ಸದ್ದನ್ನು ಎಲ್ಲೂ ತಿದ್ದಲು ಹೋಗಿಲ್ಲ, ಇದ್ದ ಹಾಗೇ ಬಿಟ್ಟಿದ್ದಾರೆ. ಹಾಗಾಗಿ ಬಸ್ಸಿನ ಹತ್ತಿರವೂ ತಿದ್ದಿರಲಾರರು. ಅಲ್ಲಿ ಕೇಳಿಸಿದ್ದನ್ನು ನಂಬಬಹುದು.

ಬಸ್ಸಿನ ದೃಶ್ಯ ಬರಲು ಇನ್ನೂ ಒಂದು ಗಂಟೆಯಿತ್ತು. ಮುಂದಕ್ಕೆ ಓಡಿಸಲೇ ಅಂದೆ. ಬೇಡ ಅಂದ. ಕುಮುದವಲ್ಲಿ ಪಾಲುಪಟ್ಟಿಯ ದಿನ ಬಾಗಿಲ ಹಿಂದೆ ನಿಂತಿದ್ದರು. ಅವರಿಗೆ ಅಲ್ಲಿ ಮಾತೇ ಇಲ್ಲ. ಒಳಗೆ ಗಂಡಸರು ಬೆಲೆ ಕಟ್ಟುತ್ತಿದ್ದಂತೆ ಅವರು ಬಾಗಿಲ ಚಿಲಕವನ್ನು ಸೆರಗಿನಿಂದ ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ. ನಾನು ಈ ಚಿತ್ರವನ್ನು ನಾಲ್ಕು ಸಲ ನೋಡಿದ್ದರೂ ಆ ಚಿಲಕವನ್ನು ನೋಡಿರಲಿಲ್ಲ.

"ಎಂಥಾ ಹೆಂಗಸು," ಅಂದ ಅಪ್ಪ, ತನಗೇ ಅನ್ನುವಂತೆ.

ಅಂಗಳ ಬಂತು. ಎತ್ತಿನ ಗಾಡಿಗಳು ಹೊರಟವು. ಕೊನೆಯ ಗಾಡಿ ಬೇಲಿ ದಾಟಿತು. ಅಪ್ಪ ಕಣ್ಣು ಮುಚ್ಚಿಕೊಂಡ. ಅವನ ಎರಡು ಕೈಗಳೂ ಕುರ್ಚಿಯ ತೋಳುಗಳನ್ನು ಹಿಡಿದಿದ್ದವು.

ಬಸ್ಸು ಬಂತು. ಗುರ್ ಎಂದು ಬಸ್ಸಿನ ಸದ್ದೂ ಬಂತು.

ಅಪ್ಪ ಕಣ್ಣು ತೆರೆಯದೆ "ಇನ್ನೊಂದ್ಸಲ" ಅಂದ. ಹಿಂದಕ್ಕೆ ತಂದು ಹಾಕಿದೆ. ಗಾಡಿ, ಬೇಲಿ, ಬಸ್ಸು. "ಇನ್ನೊಂದ್ಸಲ. ಸ್ವಲ್ಪ ಜೋರು ಮಾಡು." ಮೂರನೆಯ ಸಲ ಕಣ್ಣು ಬಿಟ್ಟುಕೊಂಡೇ ಕೇಳಿದ.

"ಅಕ್ಕಿ ಇಲ್ಲ," ಅಂದ.

"ಇಲ್ಲವಾ?"

"ಇಲ್ಲ. ಬಸ್ಸು ಬಂದ ತಕ್ಷಣ ಬಸ್ಸೇ. ಇದು ಪ್ರಿಂಟಲ್ಲಿ ಕತ್ತರಿಸಿರೋದಲ್ಲ. ಸದ್ದು ಚಿತ್ರ ಎರಡನ್ನೂ ಒಟ್ಟಿಗೆ ಇಟ್ಕೊಂಡು ಯಾರೋ ಟೇಬಲ್ ಮೇಲೆ ಕತ್ತರಿಸವ್ರೆ." ಕುರ್ಚಿಯ ತೋಳುಗಳನ್ನು ಬಿಟ್ಟು ಅಂದ: "ನನ್ನ ಕತ್ತರಿ ಅಲ್ಲ."

ಅವನು ಅಳುತ್ತಾನೇನೋ ಅಂದುಕೊಂಡಿದ್ದೆ. ಅಳಲಿಲ್ಲ. ಕುರ್ಚಿಯ ಬೆನ್ನಿಗೆ ಒರಗಿ ಕಾಲು ನೀಡಿದ. ಎಪ್ಪತ್ತೆಂಟು ವರ್ಷದ ಮನುಷ್ಯ, ಬಸ್ಸಿನಲ್ಲಿ ಬಹಳ ಹೊತ್ತು ನಿಂತು ಬಂದು ಸೀಟು ಸಿಕ್ಕವನ ಹಾಗೆ ಕಂಡ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು "ಕಾಫಿ ಮಾಡ್ಲಾ?" ಅಂದಳು.

"ಮಾಡು. ಮಮತ, ನೀನು ನಿಲ್ಲಿಸ್ಬೇಡ, ಓಡ್ಲಿ. ಕೊನೆ ನೋಡಣ. ಅಲ್ಲಾ, ಈ ಟಿ.ವಿ.ಯೋರು ಏನು ಮಾಡವ್ರೆ ನೋಡು, ಪರದೆ ತುಂಬಿಸ್ಬೇಕು ಅಂತ ಎಲ್ರ ತಲೇನೂ ಕತ್ತರಿಸವ್ರೆ. ನಮ್ಮ ಟೆಂಟಲ್ಲಿ ಹಿಂಗೆ ತೋರಿಸಿದ್ರೆ ಜನ ಕಲ್ಲು ಹೊಡೀತಿದ್ರು."

ಆಮೇಲೆ ಚಿತ್ರ ಮುಗಿಯುವವರೆಗೂ ಅವನು ಬಾಯಿ ಮುಚ್ಚಲಿಲ್ಲ. ಅಮ್ಮ ಎರಡು ಸಲ "ಸಾಕು ಸುಮ್ನಿರಿ" ಅಂದಳು. ನನಗಂತೂ ಅದನ್ನು ಕೇಳಿಸಿಕೊಳ್ಳುವುದೇ ಹಿತವಾಗಿತ್ತು.

ಆ ದೃಶ್ಯ ಎಲ್ಲಿ ಹೋಯಿತೆಂದು ನಮಗೆ ಈಗಲೂ ಗೊತ್ತಿಲ್ಲ. ಟಿ.ವಿ.ಗೆ ಕೊಡುವಾಗ ಯಾರೋ ತೆಗೆದಿರಬಹುದು. ಬೇರೆ ಪ್ರಿಂಟೊಂದು ಎಲ್ಲೋ ಪೂರ್ತಿಯಾಗಿ ಇದ್ದರೂ ಇರಬಹುದು. ಅಪ್ಪನ ಪ್ರಿಂಟು ಏನಾಯಿತೆಂಬುದಕ್ಕೂ ಉತ್ತರವಿಲ್ಲ. ಆ ಪ್ರಿಂಟಿನಲ್ಲಿ ಅವನು ಕತ್ತರಿಸಿದ್ದು ಕತ್ತರಿಸಿದ್ದೇ. ಆದರೆ ಕುಮುದವಲ್ಲಿ ಟಿ.ವಿ.ಯಲ್ಲಿ ಹುಡುಕಿ ಕಾಣದೆ ಹೋದ ಮೂರೂವರೆ ನಿಮಿಷವನ್ನು ತೆಗೆದವನು ಅವನಲ್ಲ. ಇಷ್ಟು ಖಚಿತ. ನನ್ನ ಅಪ್ಪನಿಗೆ ಇಷ್ಟು ಸಾಕಾಗಿತ್ತು.

ಶನಿವಾರ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅಮ್ಮನ ಜೊತೆ ನನಗಿಂತ ಮೊದಲೇ ಕಾಲೇಜಿನ ಗೇಟಿನಲ್ಲಿ ನಿಂತಿದ್ದ. ಮಂಡಿಯ ಸುದ್ದಿ ಎತ್ತಲಿಲ್ಲ. ಅಂಬರೀಶ್ ಮೊದಲು ಮಾತಾಡಿ ಎಂದರು. "ಬೇಡ ಸಾರ್, ಮಕ್ಳು ನೋಡ್ಲಿ. ಬಸ್ಸು ಬರುತ್ತಲ್ಲ, ಅದಕ್ಕೆ ಮುಂಚೆ ನಿಲ್ಸಿ. ನಾನು ಕೈ ಎತ್ತೀನಿ" ಅಂದ.

ಕೊನೆಯ ಗಾಡಿ ಬೇಲಿ ದಾಟುತ್ತಿದ್ದಂತೆ ಕೈ ಎತ್ತಿದ. ಅಂಬರೀಶ್ ನಿಲ್ಲಿಸಿದರು. ಮಕ್ಕಳು ಕರೆಂಟು ಹೋಯಿತೆಂದು ಗೊಣಗಿದರು. ಅಪ್ಪ ಎದ್ದು ಪರದೆಯ ಪಕ್ಕಕ್ಕೆ ಹೋಗಿ ನಿಂತ. ಮೈಕು ಕೊಟ್ಟರೆ ಬೇಡ ಅಂದ.

"ಇಲ್ಲೊಂದು ಸೀನಿತ್ತು," ಅಂದ. "ಈಗಿಲ್ಲ. ನಾನು ನೋಡಿದೀನಿ, ಹೇಳ್ತೀನಿ ಕೇಳಿ. ಅಡುಗೆಮನೆ. ಸೀನು ಶುರುವಾಗೋದೇ ಅಕ್ಕಿ ಸುರಿಯೋ ಸದ್ದಿಂದ, ಅತ್ತಿಗೆ ಕೂತವ್ಳೆ. ಎಲ್ರೂ ಹೋಗವ್ರೆ, ಮನೇಲಿ ಗಂಡ ಹೆಂಡ್ತಿ ಇಬ್ರೇ. ಮೊರ ಇಟ್ಕೊಂಡು, ಮಡಕೆಯಿಂದ ಪಾವಲ್ಲಿ ಅಕ್ಕಿ ಅಳೀತಾಳೆ. ಒಂದು, ಎರಡು, ಮೂರು. ಕೈಗೆ ಅಭ್ಯಾಸ. ಐದು ಪಾವು ಸುರೀತಾಳೆ, ಹನ್ನೊಂದು ಜನಕ್ಕೆ. ಐದಾದ ಮೇಲೆ ಕೈ ಹಂಗೇ ನಿಂತೋಗುತ್ತೆ. ಮುಖ ತೋರಿಸಲ್ಲ. ಕೈ ಮಾತ್ರ. ಆಮೇಲೆ ವಾಪಸ್ಸು ಹಾಕ್ತಾಳೆ. ಒಂದು ಪಾವು, ಎರಡು, ಮೂರು. ಎರಡು ಉಳೀತು. ಇಬ್ರಿಗೆ ಒಂದು ಸಾಕು. ಇನ್ನೊಂದನ್ನೂ ಹಾಕ್ಬೇಕು. ಪಾವು ತುಂಬ್ತಾಳೆ, ಎತ್ತುತಾಳೆ..."

ಅಪ್ಪನ ಬಲಗೈ ಗಾಳಿಯಲ್ಲಿ ಪಾವು ಹಿಡಿದು ನಿಂತಿತ್ತು. ಮುಂದಿನ ಸಾಲಿನ ಒಬ್ಬಳು ಹುಡುಗಿ ಕತ್ತು ಚಾಚಿ ಅದನ್ನೇ ನೋಡುತ್ತಿದ್ದಳು.

"ಮತ್ತೆ ಮೊರಕ್ಕೇ ಸುರಿದುಬಿಡ್ತಾಳೆ. ಯಾರಾದ್ರೂ ಬಂದ್ರೆ ಇರ್ಲಿ ಅಂತ." ಕೈ ಇಳಿಸಿದ. "ಅಷ್ಟೇ. ಒಂದು ಮಾತಿಲ್ಲ. ಟೆಂಟಲ್ಲಿ ನೆಲದ ಮೇಲೆ ಕೂತಿದ್ದ ಹೆಂಗಸ್ರು ಆ ಹೊತ್ತಲ್ಲಿ ಮಗು ಅತ್ರೂ ಎತ್ಕೊಂತಿರ್ಲಿಲ್ಲ."

ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ತಾತ, ಇಷ್ಟು ಒಳ್ಳೆ ಸೀನ್ ಯಾರು ಕಟ್ ಮಾಡಿದ್ದು?"

ಅಪ್ಪ ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ನಿಂತು ಆ ಹುಡುಗನಿಗೇ ಹೇಳಿದ.

"ನಮ್ಮ ಟೆಂಟಿಗೆ ಬಂದ ಪ್ರಿಂಟಲ್ಲಿ ನಾನೇ ಮಾಡಿದ್ದೆ ಕಣಪ್ಪ. ಮಗ್ಗದೋರಿಗೆ ಪಾಳಿಗೆ ಹೊತ್ತಾಗುತ್ತೆ ಅಂತ. ತಪ್ಪು ಮಾಡ್ದೆ. ಆದ್ರೆ ಇದರಲ್ಲಿ ಕಟ್ ಮಾಡಿರೋದು ನಾನಲ್ಲ." ಆಮೇಲೆ ಅಂಬರೀಶರ ಕಡೆ ತಿರುಗಿ, "ಹಾಕಿ ಸಾರ್, ಬಸ್ಸು ಬರ್ಲಿ" ಅಂದು ಬಂದು ಅಮ್ಮನ ಪಕ್ಕ ಕೂತ.